ಮಂದೆಗೆಲ್ಲ ಮದ್ದು ಕುಡಿಸಿದ್ದು ಸಾಲದೆ ಕಾಡಿಗೂ ಕುಡಿಸಬೇಕೆ?

ಸುಗ್ಗಿ ಮುಗಿದು ಗದ್ದೆಗಳು ಬರಿದಾದ ಮೇಲೆ ಬಯಲುಸೀಮೆಯ ಕುರಿಮಂದೆಗಳು ಮಲೆನಾಡಿನ ಅಂಚಿಗೆ ಬರುವುದೂ ಮುಂಗಾರಿಗೆ ಮುನ್ನವೇ ಹಿಂತಿರುಗುವುದೂ ನಮ್ಮ ಹಿರಿಯರಿಗೆ ಹೊಸ ಸಂಗತಿಯಲ್ಲ. ರಾತ್ರಿ ಮಂದೆ ನಿಲ್ಲಿಸಿದ ಗದ್ದೆಗೆ ಹಿಕ್ಕೆಯ ಗೊಬ್ಬರ, ಕುರಿಗಾಹಿಗೆ ಭತ್ತವೋ ಹಣವೋ ದೊರೆಯುವ ಈ ಏರ್ಪಾಡು ಎರಡು ಸೀಮೆಗಳ ನಡುವಣ ಹಳೆಯ ಒಪ್ಪಂದ. ಅದರ ಮೇಲೆ ಈಗ ಹೊಸದೊಂದು ಆರೋಪ ಬಂದಿದೆ. ಕುರಿಗಳು ಜಂತುಹುಳುಗಳನ್ನು ತಂದು ಕಾಡಿನ ಅಂಚಿನಲ್ಲಿ ಚೆಲ್ಲುತ್ತವೆ, ಅದರಿಂದ ಕಾಟಿ, ಕಡವೆ, ಜಿಂಕೆಗಳಿಗೆ ರೋಗ ತಗಲುತ್ತದೆ, ಆದ್ದರಿಂದ ಮಂದೆಗಳನ್ನು ತಡೆಯಬೇಕು. ತಡೆಯಲಾಗದಿದ್ದರೆ ಪ್ರತಿಯೊಂದು ಕುರಿಗೂ ಮೂರು ತಿಂಗಳಿಗೊಮ್ಮೆ ಕಡ್ಡಾಯವಾಗಿ ಔಷಧ ಕುಡಿಸಬೇಕು, ಕಾಡಿನೊಳಗೂ ಪ್ರಾಣಿಗಳು ನೆಕ್ಕುವ ಉಪ್ಪಿನಲ್ಲಿ ಔಷಧ ಬೆರೆಸಿ ಇಡಬೇಕು! ಇದನ್ನು ಒಂದು ಸಭೆಯಲ್ಲಿ ನಾನೇ ಕಿವಿಯಾರೆ ಕೇಳಿದೆ. ವೇದಿಕೆಯ ಮೇಲಿದ್ದವರು ತಲೆದೂಗಿದರು. ಆ ಸಭೆಯಲ್ಲಿ ಒಬ್ಬನೇ ಒಬ್ಬ ಕುರಿಗಾಹಿಯೂ ಇರಲಿಲ್ಲ.

ಕಾಡಿನ ಮೇಲಣ ಕಾಳಜಿಯಿಂದಲೇ ಈ ಸಲಹೆ ಹುಟ್ಟಿತೆಂದು ಒಪ್ಪೋಣ. ಆದರೆ ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ನಾನು ಕಲಿತದ್ದನ್ನೆಲ್ಲ ಇದು ತಲೆಕೆಳಗು ಮಾಡುತ್ತದೆ. ಇದು ಜಾರಿಗೆ ಬಂದರೆ ಕುರಿಯೂ ಉಳಿಯದು, ಔಷಧವೂ ಉಳಿಯದು.

ಮೊದಲು ಹುಳುವಿನ ಪರಿಚಯ ಮಾಡಿಕೊಳ್ಳೋಣ. ಕುರಿಯ ನಾಲ್ಕನೆಯ ಜಠರದಲ್ಲಿ ನೆಲೆಸಿ ರಕ್ತ ಹೀರುವ ಹೀಮಾಂಕಸ್ ಕಂಟಾರ್ಟಸ್ ಎಂಬ ಹುಳುವೇ ನಮ್ಮ ಮುಖ್ಯ ಶತ್ರು. ಎರಡು ಮೂರು ಸೆಂಟಿಮೀಟರ್ ಉದ್ದದ ಹೆಣ್ಣುಹುಳುವಿನ ಮೈಯಲ್ಲಿ ರಕ್ತ ತುಂಬಿದ ಕೆಂಪು ಕರುಳೂ ಬಿಳಿಯ ಅಂಡಕೋಶವೂ ಹುರಿಹೊಸೆದಂತೆ ಕಾಣುತ್ತವೆ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿಲೀಟರ್ ರಕ್ತವನ್ನು ವ್ಯಯಮಾಡುತ್ತದೆ. ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿಲಿಲೀಟರ್. ಕುರಿಮರಿಯೊಂದು ಇದನ್ನು ಎಷ್ಟು ದಿನ ತಾಳೀತು? ಕಣ್ಣು ಬಿಳಿಚುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋಲುತ್ತದೆ, ಒಂದು ಮುಂಜಾನೆ ಏಳುವುದಿಲ್ಲ. ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ತತ್ತಿಗಳನ್ನಿಡುತ್ತದೆ. ಅವು ಹಿಕ್ಕೆಯೊಡನೆ ನೆಲಕ್ಕೆ ಬಿದ್ದು, ಬಿಸಿಯೂ ತೇವವೂ ಕೂಡಿದ್ದರೆ ಒಂದು ವಾರದೊಳಗೆ ಸೋಂಕು ತಗಲಿಸಬಲ್ಲ ಮರಿಹುಳುಗಳಾಗಿ ಹುಲ್ಲಿನ ಬುಡಕ್ಕೆ ಹತ್ತುತ್ತವೆ. ಮೇಯುವ ಬಾಯಿ ಕುರಿಯದೋ ಜಿಂಕೆಯದೋ ಎಂಬ ಭೇದ ಹುಳುವಿಗೆ ಅಷ್ಟಾಗಿ ಇಲ್ಲ. ಇಷ್ಟರ ಮಟ್ಟಿಗೆ ಆರೋಪ ಮಾಡುವವರ ಮಾತು ಸರಿಯೇ. ಆದರೆ ತೇವವಿಲ್ಲದ ಬೇಸಿಗೆಯ ಗದ್ದೆಯಲ್ಲಿ ಈ ತತ್ತಿಗಳ ಬಹುಪಾಲು ಒಣಗಿ ಸಾಯುತ್ತದೆ ಎಂಬುದನ್ನು ಅವರು ಹೇಳುವುದಿಲ್ಲ. ಮಳೆಗೆ ಮುನ್ನ ಮಂದೆ ಹೊರಡುವ ಹಳೆಯ ಪದ್ಧತಿಯೇ ಒಂದು ಹುಳುನಿಯಂತ್ರಣವಾಗಿದೆ. ಕುರಿಗಾಹಿ ಅದನ್ನು ಆ ಹೆಸರಿನಿಂದ ಕರೆಯುವುದಿಲ್ಲ, ಅಷ್ಟೆ.

ಇನ್ನು ಎಲ್ಲ ಕುರಿಗೂ ಔಷಧ ಕುಡಿಸುವ ವಿಚಾರ. ಇದರ ಚರಿತ್ರೆಯನ್ನೊಮ್ಮೆ ನೋಡಿ. 1961ರಲ್ಲಿ ಥಯಾಬೆಂಡಜೋಲ್ ಎಂಬ ಔಷಧ ಬಂದಾಗ ಹುಳುವಿನ ಕಥೆ ಮುಗಿಯಿತೆಂದು ಲೋಕವೆಲ್ಲ ಸಂಭ್ರಮಿಸಿತು. 1964ಕ್ಕಾಗಲೇ ಅಮೆರಿಕೆಯಲ್ಲಿ ಅದಕ್ಕೆ ಬಗ್ಗದ ಹುಳುಗಳು ಕಂಡುಬಂದವು. ನಮ್ಮ ದೇಶದಲ್ಲಿ ಇಂಥ ಹುಳುವಿನ ವರದಿ 1976ರಷ್ಟು ಹಿಂದೆಯೇ ಪ್ರಕಟವಾಯಿತು. 1981ರಲ್ಲಿ ಐವರ್‌ಮೆಕ್ಟಿನ್ ಬಂದಿತು; ಅದೇ ದಶಕ ಮುಗಿಯುವ ಮುನ್ನ ದಕ್ಷಿಣ ಆಫ್ರಿಕದ ಕುರಿಗಳಲ್ಲಿ ಅದಕ್ಕೂ ಬಗ್ಗದ ಹುಳುಗಳು ಹುಟ್ಟಿಕೊಂಡವು. 2009ರಲ್ಲಿ ನ್ಯೂಜಿಲೆಂಡಿನಲ್ಲಿ ಬಿಡುಗಡೆಯಾದ ಮೊನೆಪ್ಯಾಂಟೆಲ್ 2013ಕ್ಕೆಲ್ಲ ಅದೇ ದೇಶದ ಆಡುಗಳಲ್ಲಿ ಸೋತಿತು. ನಮ್ಮ ನೆರೆಯ ನೀಲಗಿರಿಯ ಕುರಿಗಳಲ್ಲಿಯೂ ಬೆಂಜಿಮಿಡಜೋಲ್ ಗುಂಪಿನ ಔಷಧಗಳಿಗೆ ಸಾಯದ ಹುಳುಗಳು ವರದಿಯಾಗಿವೆ. ಶಿಬಿರಗಳಲ್ಲಿ ಹಂಚುವ ಆಲ್ಬೆಂಡಜೋಲ್ ಇದೇ ಗುಂಪಿನದು.

ಹೀಗೇಕಾಗುತ್ತದೆ? ಸಾವಿರಾರು ಹುಳುಗಳ ನಡುವೆ ಔಷಧವನ್ನು ತಾಳಿಕೊಳ್ಳಬಲ್ಲ ಕೆಲವು ಹುಳುಗಳು ಮೊದಲಿನಿಂದಲೂ ಇರುತ್ತವೆ. ಔಷಧ ಕುಡಿಸಿದಾಗ ಉಳಿದವು ಸತ್ತು ಇವು ಮಾತ್ರ ಬದುಕುತ್ತವೆ. ಆದರೆ ಔಷಧ ಕುಡಿಯದ ಕುರಿಗಳಲ್ಲಿಯೂ ಹುಲ್ಲುಗಾವಲಿನಲ್ಲಿಯೂ ಸಾಮಾನ್ಯ ಹುಳುಗಳು ಸಾಕಷ್ಟಿದ್ದರೆ, ಈ ಕೆಲವು ಹುಳುಗಳ ಸಂತಾನ ಆ ಗುಂಪಿನಲ್ಲಿ ಬೆರೆತು ತೆಳುವಾಗುತ್ತದೆ. ಎಲ್ಲ ಕುರಿಗೂ ಒಂದೇ ದಿನ ಔಷಧ ಕುಡಿಸಿ, ಅವನ್ನು ಹುಳುವಿಲ್ಲದ ಹೊಸ ಮೇವಿಗೆ ಅಟ್ಟಿದರೆ? ಆ ಹೊಸ ನೆಲದಲ್ಲಿ ಬೀಳುವ ತತ್ತಿಯೆಲ್ಲ ಬದುಕುಳಿದ ಹಟಮಾರಿ ಹುಳುಗಳದ್ದೇ. ಮಂದೆ ವಲಸೆ ಹೊರಡುವ ಮುನ್ನಾದಿನ ಶಿಬಿರ ನಡೆಸಿ ಛಾಯಾಚಿತ್ರ ತೆಗೆಸಿಕೊಳ್ಳುವವರು ಮಾಡುತ್ತಿರುವುದು ನಿಖರವಾಗಿ ಇದನ್ನೇ.

ಶಿಬಿರದ ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಅಲ್ಲಿ ತಕ್ಕಡಿ ಇರುವುದಿಲ್ಲ. ಕಣ್ಣಳತೆಯಲ್ಲಿ ತೂಕ ಊಹಿಸಿ, ಔಷಧ ಎಲ್ಲರಿಗೂ ಸಾಲಲೆಂದು ಪ್ರಮಾಣವನ್ನು ಕೊಂಚ ಕಡಿಮೆ ಮಾಡುತ್ತಾರೆ. ಮಂದೆಯಲ್ಲಿ ಮೇಕೆಗಳಿದ್ದರೆ ಅವಕ್ಕೂ ಕುರಿಯ ಅಳತೆಯನ್ನೇ ಹಾಕುತ್ತಾರೆ. ಆದರೆ ಮೇಕೆಯ ದೇಹ ಈ ಔಷಧಗಳನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ. ಕುರಿಯ ಅಳತೆ ಅದಕ್ಕೆ ಅರೆಮದ್ದು. ಅರೆಮದ್ದು ಹುಳುವನ್ನು ಕೊಲ್ಲುವುದಿಲ್ಲ, ಪಳಗಿಸುತ್ತದೆ.

ಈಗ ಉಪ್ಪಿನಲ್ಲಿ ಔಷಧ ಬೆರೆಸುವ ಮಹಾಶಯರನ್ನು ಕೇಳೋಣ. ತಕ್ಕಡಿ ಇಟ್ಟು ತೂಗಬಹುದಾದ ಕುರಿಗೇ ಸರಿಯಾದ ಪ್ರಮಾಣ ಕೊಡಲಾಗದ ನಾವು ಕಾಟಿಗೆ ಹೇಗೆ ಕೊಡುತ್ತೇವೆ? ಬಲವಾದ ಗೂಳಿ ಹೆಚ್ಚು ನೆಕ್ಕುತ್ತದೆ, ರೋಗಿ ಹತ್ತಿರ ಬರಲಾರದು, ಮರಿ ಒಂದು ನಾಲಿಗೆ ಮುಟ್ಟಿಸಿ ಹೋಗುತ್ತದೆ. ಇಡೀ ಕಾಡಿಗೇ ಅರೆಮದ್ದು! ಇಂಗ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಬೇಟೆಯ ಹಕ್ಕಿಯಾದ ಕೆಂಪು ಗ್ರೌಸಿಗೆ ಔಷಧ ಲೇಪಿಸಿದ ಹರಳುಕಲ್ಲುಗಳನ್ನು ತಿನ್ನಿಸುವ ಪದ್ಧತಿ ಇದೆ. ಹುಳುಗಳ ಕಾರಣದಿಂದ ಆ ಹಕ್ಕಿಗಳ ಸಂಖ್ಯೆ ಕೆಲವು ವರ್ಷಗಳಿಗೊಮ್ಮೆ ಕುಸಿಯುತ್ತದೆಂದೂ ಔಷಧ ಕೊಟ್ಟರೆ ಆ ಕುಸಿತ ತಗ್ಗುತ್ತದೆಂದೂ ತೋರಿಸಿದ ಸಂಶೋಧನೆ 1998ರಲ್ಲಿ ಪ್ರಕಟವಾಯಿತು. ಅದು ಉತ್ತಮ ವಿಜ್ಞಾನ. ಆದರೆ ಆ ಹಕ್ಕಿಯನ್ನು ಅಲ್ಲಿ ಬಂದೂಕಿಗಾಗಿ ಸಾಕುತ್ತಾರೆ. ನಮ್ಮ ಕಾಡು ಯಾರ ಬಂದೂಕಿಗಾಗಿ ಇದೆ? ಹುಳುವಿನ ಭಾರದಿಂದ ಸೊರಗಿದ ಜಿಂಕೆ ಹುಲಿಗೂ ಸೀಳುನಾಯಿಗೂ ಮೊದಲ ತುತ್ತು; ಆ ಲೆಕ್ಕಾಚಾರದಲ್ಲಿ ಹುಳುವೂ ಒಬ್ಬ ಪಾಲುದಾರ.

ರೋಗ ಸದಾ ಊರಿನಿಂದ ಕಾಡಿಗೇ ಹೋಗುತ್ತದೆಯೆ, ಕಾಡಿನಿಂದ ಊರಿಗೂ ಬರುತ್ತದೆಯೆ ಎಂಬ ಪ್ರಶ್ನೆಯೂ ಇದೆ. ಬ್ರಿಟನ್ನಿನ ರೋ ಜಿಂಕೆಗಳಲ್ಲಿ ಔಷಧಕ್ಕೆ ಬಗ್ಗದ ಹೀಮಾಂಕಸ್ ಹುಳುಗಳು ಸಿಕ್ಕಿದುದು 2014ರಲ್ಲಿ ಪ್ರಕಟವಾಗಿದೆ. ಆ ಜಿಂಕೆಗಳಿಗೆ ಯಾರೂ ಔಷಧ ಕುಡಿಸಿರಲಿಲ್ಲ. ದೊಡ್ಡಿಗಳಲ್ಲಿ ಬೆಳೆದ ಹಟಮಾರಿ ಹುಳು ಹುಲ್ಲಿನ ಮೂಲಕ ಜಿಂಕೆಯನ್ನು ಸೇರಿತ್ತು. ಅಲ್ಲಿಂದ ಮತ್ತೊಂದು ದೊಡ್ಡಿಗೂ ಸಾಗಬಲ್ಲದು. ಅಂದರೆ ಕಾಡಿಗೆ ನಾವು ಬಗೆಯುತ್ತಿರುವ ನಿಜವಾದ ದ್ರೋಹ ಹುಳುವನ್ನು ಕಳುಹಿಸುವುದಲ್ಲ, ಅದು ಮೊದಲಿನಿಂದಲೂ ಇದ್ದದ್ದೇ; ಔಷಧದಲ್ಲಿ ಪಳಗಿದ ಹುಳುವನ್ನು ಕಳುಹಿಸುವುದು.

ಹಿರಿಯ ಅರಣ್ಯಾಧಿಕಾರಿಗಳು 1968ರ ದೊಡ್ಡರೋಗವನ್ನು ನೆನಪಿಸುತ್ತಾರೆ. ಬಂಡೀಪುರ, ಮುದುಮಲೆಗಳಲ್ಲಿ ಆಗ ಕಾಟಿಗಳು ಗುಂಪುಗುಂಪಾಗಿ ಸತ್ತದ್ದು ನಿಜ. ಆದರೆ ಆ ರೋಗ ಲೋಕದಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾದದ್ದು ಹೇಗೆ? ಕಾಟಿಗಳನ್ನು ಅಟ್ಟಿ ಹಿಡಿದು ಸೂಜಿ ಚುಚ್ಚಿದ್ದರಿಂದಲ್ಲ. ಊರಿನ ದನಗಳಿಗೆ ಲಸಿಕೆ ಹಾಕಿದ್ದರಿಂದ. ಅದೂ ಒಮ್ಮೆ ಹಾಕಿದರೆ ದೀರ್ಘಕಾಲ ಕಾಯುವ ಲಸಿಕೆಯಿದ್ದ ವೈರಸ್ ರೋಗ. ಹುಳುವನ್ನು ಅದರೊಡನೆ ಹೋಲಿಸಿ ನಿರ್ಮೂಲನದ ಮಾತಾಡುವುದು ಅವಿವೇಕ.

ಸಗಣಿಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಐವರ್‌ಮೆಕ್ಟಿನ್ ಮೈಯೊಳಗೆ ಕರಗಿ ಮಾಯವಾಗುವುದಿಲ್ಲ, ಬಹುಪಾಲು ಸಗಣಿಯಲ್ಲೇ ಹೊರಬರುತ್ತದೆ. ಈ ಔಷಧವನ್ನು ಹೊಟ್ಟೆಯೊಳಗೆ ನಿಧಾನವಾಗಿ ಬಿಡುಗಡೆ ಮಾಡುವ ಗುಳಿಗೆ ನುಂಗಿಸಿದ ದನಗಳ ಸಗಣಿಯಲ್ಲಿ ಜೀರುಂಡೆಗಳ ಮರಿಗಳು ಬದುಕದೆ, ಸಗಣಿ ಕೊಳೆಯದೆ ಹಾಗೆಯೇ ಬಿದ್ದಿದ್ದುದನ್ನು 1987ರಲ್ಲೇ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು. ಸಗಣಿಯನ್ನು ಉಂಡೆಕಟ್ಟಿ ನೆಲದೊಳಕ್ಕೆ ಒಯ್ಯುವ ಜೀರುಂಡೆ ನಮ್ಮ ಕಾಡಿನ ಕೂಲಿಯಿಲ್ಲದ ಆಳು. ಸಗಣಿ ಚದುರಿ ಒಣಗಿದರೆ ಅದರಲ್ಲಿರುವ ಜಂತುಹುಳುವಿನ ತತ್ತಿಗೂ ಕೇಡು. ಹುಳುವನ್ನು ಕೊಲ್ಲಲು ಹೋಗಿ ಹುಳುವಿನ ವೈರಿಯನ್ನು ಕೊಲ್ಲುವ ಈ ಜಾಣತನಕ್ಕೆ ಏನೆನ್ನಬೇಕು? ದನದ ನೋವಿಗೆ ಕೊಟ್ಟ ಡೈಕ್ಲೋಫೆನಾಕ್ ಹೆಣದ ಮೂಲಕ ರಣಹದ್ದುಗಳ ಮೂತ್ರಪಿಂಡ ಸೇರಿ ಅವನ್ನು ಅಳಿವಿನಂಚಿಗೆ ತಂದಿತು. 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸುವ ವೇಳೆಗೆ ಆಕಾಶ ಬರಿದಾಗಿತ್ತು. ಅಷ್ಟಾದ ಮೇಲೂ ಕಾಡಿನೊಳಗೆ ಔಷಧವಿಡುವ ಮಾತು ಬಂದಾಗ ತಲೆದೂಗುವವರಿದ್ದಾರಲ್ಲ!

ಹಾಗಾದರೆ ಕುರಿ ಸಾಯಲಿ ಎನ್ನುತ್ತೀರಾ ಎಂದು ಕುರಿಗಾಹಿ ಮಿತ್ರರು ಕೇಳಿಯಾರು. ಖಂಡಿತ ಇಲ್ಲ. ಮಂದೆಯ ಹುಳುಗಳ ಬಹುಪಾಲು ಕೆಲವೇ ಕುರಿಗಳ ಹೊಟ್ಟೆಯಲ್ಲಿರುತ್ತದೆ. ಆ ಕುರಿಗಳನ್ನು ಆರಿಸಿ ಅವಕ್ಕೆ ಮಾತ್ರ ಪೂರ್ಣ ಪ್ರಮಾಣದ ಔಷಧ ಕೊಡಿ. ಆರಿಸುವುದು ಹೇಗೆ? ದಕ್ಷಿಣ ಆಫ್ರಿಕದ ಪಶುವೈದ್ಯರು ಇದಕ್ಕಾಗಿ ಫಮಾಚ ಎಂಬ ಬಣ್ಣದ ಪಟವೊಂದನ್ನು ರೂಪಿಸಿದರು. ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ಒಳಗಿನ ಬಣ್ಣವನ್ನು ಪಟದ ಐದು ಬಣ್ಣಗಳೊಡನೆ ಹೋಲಿಸುವುದು. ಕಡುಗೆಂಪು, ಕೆಂಪು ಇದ್ದರೆ ಔಷಧ ಬೇಡ. ಬಿಳಿಚಿದ್ದರೆ ಬೇಕೇ ಬೇಕು. ನಡುವಿನದು ಮರಿಯೋ ಗಬ್ಬದ ಕುರಿಯೋ ಆಗಿದ್ದರೆ ಕೊಡುವುದು ಲೇಸು. ನಮ್ಮ ದಖನಿ ಕುರಿಯ ಮೈ ಎಷ್ಟೇ ಕಪ್ಪಾಗಿರಲಿ, ರೆಪ್ಪೆಯ ಒಳಗು ಸುಳ್ಳು ಹೇಳುವುದಿಲ್ಲ. ಪಟ ತೋರಿಸಲು ಹೋದ ನನಗೆ ಮುದುಕನೊಬ್ಬ, "ಇದೇನ್ ಹೊಸಾದು ತಂದೀರಿ ಸಾಹೇಬ್ರ, ನಮ್ಮಪ್ಪ ಸಂತ್ಯಾಗ ಕುರಿ ಕೊಳ್ಳೂ ಮುಂದ ಕಣ್ಣ ಬಿಚ್ಚೇ ನೋಡ್ತಿದ್ದ" ಎಂದು ನಕ್ಕ. ಪಟಕ್ಕೂ ಮಿತಿಯಿದೆ: ರಕ್ತ ಹೀರದ ಹುಳುಗಳನ್ನು ಅದು ತೋರಿಸಲಾರದು. ಭೇದಿ, ಸೊರಗುವಿಕೆಗಳ ಮೇಲೆ ಬೇರೆಯಾಗಿ ಕಣ್ಣಿಡಬೇಕು.

ಔಷಧ ಹಂಚುವವರಿಗೆ ನಮ್ಮ ಬೇಡಿಕೆ ಒಂದೇ: ಹಂಚುವ ಮುನ್ನ ಅದು ಕೆಲಸ ಮಾಡುತ್ತದೆಯೆ ಎಂದು ಪರೀಕ್ಷಿಸಿ. ಕುಡಿಸುವ ದಿನವೂ ಹದಿನಾಲ್ಕು ದಿನ ಕಳೆದ ಮೇಲೂ ಅದೇ ಕುರಿಗಳ ಹಿಕ್ಕೆಯಲ್ಲಿ ತತ್ತಿ ಎಣಿಸಬೇಕು. ನೂರಕ್ಕೆ 95ರಷ್ಟಾದರೂ ಇಳಿಯದಿದ್ದರೆ ಹುಳು ಆ ಔಷಧವನ್ನು ಗೆದ್ದಿದೆ ಎಂಬ ಸಂಶಯ ಬಲವಾಗುತ್ತದೆ. ಸೂಕ್ಷ್ಮದರ್ಶಕವಿರುವ ಕಾಲೇಜುಗಳ ವಿದ್ಯಾರ್ಥಿಗಳು ಈ ಬೇಸಿಗೆಯಲ್ಲೇ ಇದನ್ನು ಆರಂಭಿಸಬಹುದು. ಅಡಿಗೆಯ ಉಪ್ಪನ್ನು ಇನ್ನು ಕರಗದೆನ್ನುವಷ್ಟು ನೀರಿನಲ್ಲಿ ಕರಗಿಸಿ, ಹಿಕ್ಕೆಯನ್ನು ಅದರಲ್ಲಿ ಕದಡಿ ಸೋಸಿದರೆ ತತ್ತಿಗಳು ಮೇಲಕ್ಕೆ ತೇಲುತ್ತವೆ. ಎಣಿಕೆಗೆಂದೇ ಗೆರೆ ಕೊರೆದ ಗಾಜಿನ ತಟ್ಟೆಯೊಂದನ್ನು ತರಿಸಿಕೊಳ್ಳಬೇಕು. ಕುರಿಗಾಹಿಯ ಒಪ್ಪಿಗೆ ಪಡೆದು, ಕನಿಷ್ಠ ಹತ್ತು ಕುರಿಗಳಿಗೆ ಗುರುತು ಕಟ್ಟಿ, ಮುಂಜಾನೆ ಆಗತಾನೆ ಬಿದ್ದ ಹಿಕ್ಕೆಯನ್ನು ಬೇರೆಬೇರೆ ಚೀಲಗಳಲ್ಲಿ ಸಂಗ್ರಹಿಸಿ. ಗಾಳಿಯಾಡದಂತೆ ಬಾಯಿ ಕಟ್ಟಿ, ತಂಪಿನಲ್ಲಿಟ್ಟು ಅಂದೇ ತನ್ನಿ. ಬೆಚ್ಚಗೆ ಒಂದು ದಿನ ಬಿಟ್ಟರೆ ತತ್ತಿ ಒಡೆದು ಮರಿ ಹೊರಬಂದು ಎಣಿಕೆಯೇ ತಪ್ಪುತ್ತದೆ.