ಫೋರ್ಕ್ ಅಂದ್ರ ಅಂಜೂದ್ಯಾಕ?

‘ಪ್ರೊಸೆಸ್ ದುಬಾರಿ, ಥ್ರೆಡ್ ಅಗ್ಗ’ ಅಂತ ಓಎಸ್ ಪೇಪರಿನಾಗ ಎಲ್ಲಾರೂ ಬರೀತೀವಿ. ವಿಂಡೋಸ್ ಸರ್ವರ್‌ಗೆ ಈ ಮಾತು ಖರೆ. ಲಿನಕ್ಸ್‌ನಲ್ಲಿ ಅಂತರ ಅಷ್ಟು ದೊಡ್ಡದಲ್ಲ. ನಮ್ಮ ಮನಗೂಳಿ ಕಡೆ ಅಣ್ಣತಮ್ಮಂದಿರು ಬ್ಯಾರೆ ಆದ ಮ್ಯಾಲೂ ಹೊಲದ ಉತಾರ ಜಂಟಿನೇ ಇರ್ತದ. ಮಾರೂ ಹೊತ್ತು ಬಂದಾಗ ಪೋಡಿ. ಫೋರ್ಕ್ ಕೂಡ ಹಂಗ: ಮೊದಲು ಪೇಜ್ ಟೇಬಲ್ ಅಷ್ಟೇ ನಕಲು, ಯಾರಾದರೂ ಬರೆದಾಗ ಆ 4 ಕೆಬಿ ಪುಟ ಮಾತ್ರ ಬ್ಯಾರೆ. (ಮೆಮೊರಿ ಗಿಗಾಬೈಟ್‌ಗಟ್ಟಲೆ ಇದ್ದರೆ ಆ ಟೇಬಲ್ಲೂ ಭಾರ, ಒಪ್ತೀನಿ.)

ಅದಕ್ಕ ಅಪಾಚೆಯ ಪ್ರಿಫೋರ್ಕ್, ರಿಕ್ವೆಸ್ಟ್ ಬರೂಕಿಂತ ಮೊದಲೇ ಪ್ರೊಸೆಸ್ ಹುಟ್ಟಿಸಿ ಇಡ್ತದ. ಒಂದು ಕೆಟ್ರ ಉಳಿದವು ನಡೀತಾವ. ಥ್ರೆಡ್ ಅಗ್ಗ ಅನ್ನೋರು ಈ ಖರ್ಚನ್ನೂ ಹಿಡೀಬೇಕು: ಲ್ಯಾಬಿನಾಗ ನನ್ನ ಥ್ರೆಡ್ ಸರ್ವರ್ ಒಂದೇ ತಪ್ಪು ಪಾಯಿಂಟರಿಗೆ ಇಡಿಯಾಗಿ ಮಲಗಿತು, ಅದೂ ವೈವಾ ನಡುವೆ.