ಗಣಗಳ ಒಡೆಯನಿಗೆ ಗಡಿಯೆಲ್ಲಿ?

ಗಣಪತಿಯೆಂದರೆ ಗಣಗಳ ಒಡೆಯನು, ಗಣವೆಂದರೆ ಸಮೂಹ. ಹೆಸರಿನಲ್ಲಿಯೇ ಒಗ್ಗಟ್ಟನ್ನು ಧರಿಸಿರುವ ಈ ದೇವನನ್ನು ನಮ್ಮ ಕರಾವಳಿಯು ಆಳುವವರ ಗೆರೆಗಳನ್ನು ಲೆಕ್ಕಿಸದೆ ಪೂಜಿಸುತ್ತ ಬಂದಿದೆ. ಕಿರಿಮಂಜೇಶ್ವರದ ಭಕ್ತನಿಗೆ ತೆಂಕಲಲ್ಲಿ ಕುಂಭಾಶಿಯ ಆನೆಗುಡ್ಡೆ, ಬಡಗಲಲ್ಲಿ ಹೊನ್ನಾವರ ಸೀಮೆಯ ಇಡಗುಂಜಿ. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಆಧಿಪತ್ಯಕ್ಕೆ ಸೇರಿತು; ಕುಂದಾಪುರವು ಮದರಾಸಿನಲ್ಲಿಯೇ ಉಳಿಯಿತು. ಆದರೂ ದ್ವಿಭುಜನಾಗಿ ನಿಂತಿರುವ ಇಡಗುಂಜಿಯ ವಿನಾಯಕನು ಈಚೆಯವರಿಗೆ ಪರನಾಗಲಿಲ್ಲ. 1956ರಲ್ಲಿ ಸರಕಾರವು ಒಪ್ಪಿದ ಏಕತೆಯನ್ನು ಹರಕೆ ಹೊತ್ತವರು ಮೊದಲೇ ನಡೆದು ತೋರಿಸಿದ್ದರು.

ಆದರೆ ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯಿತು. ಮಧೂರಿನ ಗಣಪತಿಯು ಗೆರೆಯಾಚೆಯವನಾದನು. ಅಲ್ಲಿಯ ಅಪ್ಪಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ನಾವು, ಕನ್ನಡ ತರಗತಿಗಳಿಗೆ ಕನ್ನಡವರಿಯದ ಅಧ್ಯಾಪಕರು ಬಂದರೆಂದು ಅಲ್ಲಿಯವರು ಇಟ್ಟ ಮೊರೆಯನ್ನು ಕೇಳಿದೆವೆ? ಮೊರದಂಥ ಕಿವಿಯು ಆಲಿಸುವುದಕ್ಕೆ, ಕಿರಿಗಣ್ಣು ಸೂಕ್ಷ್ಮವನ್ನು ಕಾಣುವುದಕ್ಕೆ ಎಂದು ಹಿರಿಯರು ಹೇಳುವರು. ಮೂರ್ತಿಗೆ ಕೈಮುಗಿದು ಅದರ ಗುಣವನ್ನು ತೊರೆದರೆ ಪೂಜೆಯಾದೀತೆ? ಚೌತಿಯ ಮಣ್ಣಿನ ಮೂರ್ತಿಯು ನೀರಿನಲ್ಲಿ ಕರಗತಕ್ಕದ್ದು, ಕರ್ತವ್ಯವು ಕರಗತಕ್ಕದ್ದಲ್ಲ. ಉಪಾಧ್ಯಾಯ ಮಹಾಶಯರೇ, ಕಾಸರಗೋಡಿನ ಒಂದೊಂದು ಕನ್ನಡ ಶಾಲೆಗೆ ನಮ್ಮ ಒಂದೊಂದು ಊರು ಪುಸ್ತಕಗಳನ್ನು ಕಳುಹಿಸಲಿ, ಅದರ ಮೊರೆಗೆ ದನಿಗೂಡಿಸಲಿ. ವಿದ್ಯೆಯ ಒಡೆಯನಿಗೆ ಇದಕ್ಕಿಂತ ಮಿಗಿಲಾದ ನೈವೇದ್ಯವುಂಟೆ?