ಪತ್ರಿಕೋದ್ಯಮ ಕಲಿಯಲು ಯಾವ ಕಾಲೇಜು?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಇಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ.ಗಳ ಚರ್ಚೆ ಆರಂಭವಾಗುತ್ತದೆ. ಈ ನಡುವೆ ಮಗನೋ ಮಗಳೋ ಪತ್ರಿಕೋದ್ಯಮ ಕಲಿಯುವೆನೆಂದರೆ ಕೆಲವು ಹೆತ್ತವರು 'ಅದೂ ಒಂದು ಉದ್ಯೋಗವೇ?' ಎಂದು ಮೂಗು ಮುರಿಯುತ್ತಾರೆ. ಇನ್ನು ಕೆಲವರು ಜಾಹೀರಾತಿನಲ್ಲಿ ಕಂಡ ಸ್ಟುಡಿಯೋಗೆ ಮರುಳಾಗಿ, ಮನೆಯಲ್ಲಿದ್ದ ಚಿನ್ನವನ್ನು ಅಡವಿಟ್ಟು ಲಕ್ಷಗಟ್ಟಲೆ ಶುಲ್ಕ ತೆರುತ್ತಾರೆ. ಎರಡೂ ಆತುರದ ತೀರ್ಮಾನಗಳೇ.

ವೈದ್ಯನಾಗಲು, ವಕೀಲನಾಗಲು ನಿಗದಿತ ಪದವಿ ಮತ್ತು ನೋಂದಣಿ ಕಡ್ಡಾಯ. ಆದರೆ ಪತ್ರಕರ್ತನಾಗಲು ಪದವಿ ಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಹೀಗಿರುವಾಗ ಕೇವಲ ಪ್ರಮಾಣಪತ್ರಕ್ಕೆ ಏನು ಬೆಲೆ? ಕಲಿತ ವರ್ಷಗಳಲ್ಲಿ ವಿದ್ಯಾರ್ಥಿಗೆ ಕಸುಬು ಕೈಹತ್ತಿತೇ ಎಂಬುದೇ ಕಾಲೇಜನ್ನು ಅಳೆಯುವ ಅಳತೆಗೋಲು.

ಆದುದರಿಂದ ಪ್ರವೇಶಕ್ಕೆ ಮುನ್ನ ಹೆತ್ತವರು ವಿಭಾಗಕ್ಕೆ ಹೋಗಿ, ವಿದ್ಯಾರ್ಥಿಗಳು ಹೊರತರುವ ಪ್ರಯೋಗ ಪತ್ರಿಕೆಯ ಕಳೆದ ವರ್ಷದ ಸಂಚಿಕೆಗಳನ್ನು ಕೇಳಿ ಓದಬೇಕು. ಅದರಲ್ಲಿ ವಾರ್ಷಿಕೋತ್ಸವದ ಭಾವಚಿತ್ರಗಳೇ ತುಂಬಿವೆಯೇ? ಅಥವಾ ಊರಿನ ಕುಡಿಯುವ ನೀರು, ಸರಕಾರಿ ಆಸ್ಪತ್ರೆ, ನಗರಸಭೆಯ ಬಗ್ಗೆ ವಿದ್ಯಾರ್ಥಿಗಳೇ ಓಡಾಡಿ ಬರೆದ ವರದಿಗಳಿವೆಯೇ? ಪ್ರಯೋಗ ಪತ್ರಿಕೆಯೇ ಇಲ್ಲವೆಂದಾದರೆ ನಿಮಗೆ ಉತ್ತರ ಸಿಕ್ಕಂತೆಯೇ. ಅಧ್ಯಾಪಕರಲ್ಲಿ ಸುದ್ದಿಮನೆಯಲ್ಲಿ ದುಡಿದವರಿದ್ದಾರೆಯೇ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯಲು ಕಲಿಸುತ್ತಾರೆಯೇ? 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಾನನಷ್ಟಕ್ಕೂ, ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದಕ್ಕೂ ಈಗ ಕಲಮುಗಳು ಬೇರೆ. ಹಳೆಯ ಟಿಪ್ಪಣಿಗಳನ್ನೇ ಉರುಹೊಡೆಸುವ ವಿಭಾಗ ವಿದ್ಯಾರ್ಥಿಯನ್ನು ಅಪಾಯಕ್ಕೆ ದೂಡುತ್ತದೆ.

ಕನ್ನಡ ಪತ್ರಿಕೋದ್ಯಮಕ್ಕೆ 1843ರ 'ಮಂಗಳೂರ ಸಮಾಚಾರ'ದಷ್ಟು ಹಳೆಯ ಪರಂಪರೆಯಿದೆ. ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ ಆಡುವ ನಮ್ಮ ಮಕ್ಕಳು ಅದರಲ್ಲಿ ಪಾಲು ಪಡೆಯಬೇಕಾದರೆ ಬರೆಯುವ ಕನ್ನಡ ಪಳಗಬೇಕು. ವಾರವಾರವೂ ಕನ್ನಡದಲ್ಲಿ ಬರೆಸಿ ತಿದ್ದುವ ಅಧ್ಯಾಪಕರೊಬ್ಬರು ಹತ್ತು ಕ್ಯಾಮರಾಗಳಿಗಿಂತ ಮೇಲು.

ಪಿಯುಸಿ ಮುಗಿದೊಡನೆಯೇ ಪತ್ರಿಕೋದ್ಯಮಕ್ಕೆ ಸೇರಬೇಕೆಂದೇನೂ ಇಲ್ಲ. 1965ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಮೂಹ ಸಂವಹನ ಸಂಸ್ಥೆಯು ತನ್ನ ಸ್ನಾತಕೋತ್ತರ ಡಿಪ್ಲೊಮಾಗಳಿಗೆ ಯಾವುದೇ ವಿಷಯದ ಪದವೀಧರರನ್ನು ಸೇರಿಸಿಕೊಳ್ಳುತ್ತಾ ಬಂದಿದೆ. ಊರಿನ ಸರಕಾರಿ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಇತಿಹಾಸ, ಅರ್ಥಶಾಸ್ತ್ರ ಓದಿ, ಆ ಬಳಿಕ ವೃತ್ತಿ ತರಬೇತಿಗೆ ಹೋಗಬಹುದು. ಬಜೆಟ್ ಓದಲು ಬಲ್ಲ ವರದಿಗಾರ್ತಿಯನ್ನು ಯಾವ ಪತ್ರಿಕೆ ತಾನೇ ಬೇಡವೆಂದೀತು? ಹದಿನೆಂಟರ ಮಗಳನ್ನು ದೂರದೂರಿಗೆ ಕಳುಹಿಸಲು ಹಿಂಜರಿಯುವ ಮನೆಗಳು ಅವಳ ಆಸೆಯನ್ನೇ ಚಿವುಟುವ ಬದಲು ಈ ದಾರಿಯನ್ನು ಯೋಚಿಸಲಿ.

ಪತ್ರಿಕೆಗಳು ನಮ್ಮ ಬಗ್ಗೆ ತಪ್ಪು ಬರೆಯುತ್ತವೆ ಎಂಬ ದೂರು ನಮ್ಮ ಕೂಟಗಳಲ್ಲಿ ಹಳೆಯದು. ಊರಿನಲ್ಲಿ ವದಂತಿ ಹಬ್ಬಿದ ರಾತ್ರಿ, ಅಚ್ಚಿಗೆ ಹೋಗುವ ಮುನ್ನ 'ಇದು ನಿಜವೇ?' ಎಂದು ವಿಚಾರಿಸುವ ಒಬ್ಬ ವರದಿಗಾರ ಎಷ್ಟೋ ಮನೆಗಳನ್ನು ಉಳಿಸಬಲ್ಲ. ಅಂಥವರು ಬೇಕಿರುವುದು ನಮ್ಮವರ ವಕಾಲತ್ತಿಗಲ್ಲ, ಎಲ್ಲರ ಬಗೆಗೂ ಸತ್ಯವನ್ನೇ ಬರೆಯುವುದಕ್ಕೆ. ಆ ಅಭ್ಯಾಸವನ್ನು ಕಲಿಸುವ ಕಾಲೇಜು ಹೆಸರಿಲ್ಲದ್ದಾದರೂ ಸರಿ, ಮಕ್ಕಳನ್ನು ಅಲ್ಲಿಗೇ ಸೇರಿಸೋಣ.